ಲಗತ್ತು: ಒಂದು ಅಂಗೈ

ಅರದ ಮೇಷ್ಟ್ರನ್ನು ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ ನಡೆದದ್ದನ್ನು ಹೇಳಿಬಿಟ್ಟರೆ ಆ ಮನುಷ್ಯ ಎಂಥವರು ಅನ್ನುವುದು ಅರ್ಧ ತಿಳಿದ ಹಾಗೆ. ಮೈ ಕೆಂಡದಂತೆ ಸುಡುತ್ತಿತ್ತು. ಡಾಕ್ಟರು ಸೂಜಿ ಹಿಡಿದು ಬಂದರೆ ಮಂಚದ ಮೇಲೆ ರೋಗಿ ಇಲ್ಲ. ರೋಗಿ ಮಂಚದ ಕೆಳಗಿದ್ದರು.

"ಡಾಕ್ಟ್ರೇ, ಜ್ವರ ಎಲ್ಲಿಗೂ ಓಡಿಹೋಗಲ್ಲ. ಮೊದಲು ಈ ಕಾಲು ನೋಡಿ. ಒಂದು ಕಾಲು ಗಿಡ್ಡ ಇದೆ. ಇದರ ಮೇಲೆ ಮಲಗಿದೋನು ಹುಷಾರಾಗೋದುಂಟಾ?"

ಮನೆಯಿಂದ ಅರ ತರಿಸಿ, ಉಳಿದ ಮೂರು ಕಬ್ಬಿಣದ ಕಾಲುಗಳನ್ನೂ ಉಜ್ಜಿ ಉಜ್ಜಿ ಗಿಡ್ಡ ಕಾಲಿನ ಮಟ್ಟಕ್ಕೆ ಇಳಿಸಿದ ಮೇಲೆಯೇ ಅವರು ತೋಳು ಚಾಚಿದ್ದು. ಅಷ್ಟು ಹೊತ್ತಿಗೆ ಎರಡು ದಿನ ಕಳೆದಿತ್ತು, ಜ್ವರ ತಾನೇ ಬೇಸತ್ತು ಇಳಿದುಹೋಗಿತ್ತು. ಅಕ್ಕಪಕ್ಕದ ರೋಗಿಗಳು ತಮ್ಮ ಮಂಚಗಳಿಗೂ ಸರದಿ ಹಚ್ಚಿದ್ದರಂತೆ.

ಸಣ್ಣವರಿದ್ದಾಗ ಓದು ಅವರ ತಲೆಗೆ ಹತ್ತಲಿಲ್ಲ, ತಲೆಯೂ ಓದಿನ ಹತ್ತಿರ ಸುಳಿಯಲಿಲ್ಲ. ಸೋದರಮಾವ ಕಿವಿ ಹಿಡಿದು ಒಬ್ಬ ಬೀಗ ಮಾಡುವವನ ಅಂಗಡಿಗೆ ತಂದು ಬಿಟ್ಟ. ಆ ಗುರು ಒಂದು ಕಬ್ಬಿಣದ ತುಂಡು, ಒಂದು ಅರ ಕೈಗಿಟ್ಟು, "ಇದರ ಒಂದು ಮುಖ ಚಪ್ಪಟೆ ಮಾಡು, ಆಮೇಲೆ ಮಾತಾಡೋಣ" ಅಂದವನು ಏಳು ತಿಂಗಳು ಮಾತಾಡಲಿಲ್ಲ. ಅರ ಅಂದರೆ ಕಬ್ಬಿಣ ಉಜ್ಜುವ ಹಲ್ಲಿನ ಪಟ್ಟಿ, ಅಷ್ಟೇ. ಆದರೆ ಅದು ಮುಂದಕ್ಕೆ ಹೋಗುವಾಗ ಮಾತ್ರ ಕತ್ತರಿಸುತ್ತದೆ. ಹಿಂದಕ್ಕೆ ಎಳೆಯುವಾಗ ಒತ್ತಿದರೆ ಹಲ್ಲು ಸಾಯುತ್ತದೆ. ಕೈ ಒಂದಿಷ್ಟು ತೂಗಿದರೂ ಸಾಕು, ಅಂಚು ಸವೆದು ನಡು ಉಬ್ಬುತ್ತದೆ. ಆ ಉಬ್ಬಿಗೆ ಆ ಕಸುಬಿನಲ್ಲಿ 'ಹೊಟ್ಟೆ' ಅನ್ನುತ್ತಾರೆ. ಉಂಡವರಿಗೆ ಬರುವ ಹೊಟ್ಟೆಗಿಂತ ಇದನ್ನು ಕರಗಿಸುವುದು ಕಷ್ಟ.

ಏಳು ತಿಂಗಳಿಗೆ ಹೊಟ್ಟೆ ಕರಗಿತು. ಹುಡುಗ ಬೀಗ ಕಲಿತ, ಬೆಳೆದ, ಕಾಲೇಜಿನ ಹಿತ್ತಿಲಲ್ಲಿದ್ದ ಕಸುಬಿನ ತರಬೇತಿ ಶಾಲೆಗೆ ಮೇಷ್ಟ್ರಾದ. ಮುಂದೆ ಮೂರು ಅಂತಸ್ತಿನ ಕಾಲೇಜು, ಹಿಂದೆ ತಗಡಿನ ಮಾಡು. ನಡುವೆ ಸೈಕಲ್ ನಿಲ್ಲಿಸುವ ಜಾಗ. ಆ ತಗಡಿನ ಕೆಳಗೆ ಮೂವತ್ತೊಂದು ವರ್ಷ. ಹೊಸದಾಗಿ ಸೇರಿದವರಿಗೆ ಮೊದಲ ಆರು ತಿಂಗಳು ಒಂದೇ ಪಾಠ: ಒಂದು ಕಬ್ಬಿಣದ ಗಟ್ಟಿ, ಆರು ಮುಖ, ಆರೂ ಚಪ್ಪಟೆ. ಮೇಷ್ಟ್ರು ಗಟ್ಟಿಯ ಮೇಲೆ ಉಕ್ಕಿನ ಪಟ್ಟಿ ನಿಲ್ಲಿಸಿ ಕಿಟಕಿಗೆ ಹಿಡಿಯುತ್ತಿದ್ದರು. ಪಟ್ಟಿಯ ಕೆಳಗೆ ಕೂದಲೆಳೆಯಷ್ಟು ಬೆಳಕು ನುಸುಳಿದರೂ, "ಹೊಟ್ಟೆ ಇದೆ. ಹೋಗು." ಅರ್ಧ ಜನ ಓಡಿಹೋಗುತ್ತಿದ್ದರು. ಉಳಿದ ಅರ್ಧ ಜನ ಮಾಡಿದ ಬಾಗಿಲು ಕಿರುಗುಟ್ಟುತ್ತಿರಲಿಲ್ಲ, ಅವರು ನೋಡಿಕೊಂಡ ಲಿಫ್ಟು ನಡುವೆ ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ಒಂದು ಸುತ್ತೋಲೆ ಬಂತು.

ಕಸುಬು ಕಲಿಸುವ ಪ್ರತಿಯೊಬ್ಬರೂ ಮುಂದಿನ ತಿಂಗಳ ಕೊನೆಯೊಳಗೆ 'ಕೈಕೆಲಸದ ತತ್ತ್ವ' ಎಂಬ ವಿಷಯದಲ್ಲಿ ಲಿಖಿತ ಪರೀಕ್ಷೆ ಬರೆದು ನೂರಕ್ಕೆ ಮೂವತ್ತೈದು ಅಂಕ ಪಡೆಯತಕ್ಕದ್ದು. ತಪ್ಪಿದಲ್ಲಿ ಆ ಜಾಗಕ್ಕೆ ಪದವೀಧರರನ್ನು ನೇಮಿಸತಕ್ಕದ್ದು. ಪಠ್ಯಪುಸ್ತಕ ಬರೆದವರು ಮುಂದಿನ ಕಾಲೇಜಿನ ಪ್ರಾಂಶುಪಾಲರೇ. ಕೈಕೆಲಸದ ಮೇಲೆ ಆರುನೂರು ಪುಟ ಬರೆದು ಡಾಕ್ಟರೇಟು ಪಡೆದವರು. ಆ ಆರುನೂರು ಪುಟವನ್ನು ಟೈಪು ಮಾಡಿಸಿದ್ದೂ ಬೇರೆಯವರ ಕೈಯಲ್ಲಿ. ಮೇಷ್ಟ್ರ ಜಾಗಕ್ಕೆ ಬರಬೇಕಾದ ಪದವೀಧರ ಆಗಲೇ ಬಂದು ತಗಡಿನ ಮಾಡು ನೋಡಿಕೊಂಡು ಹೋಗಿದ್ದ. ಕಬ್ಬಿಣ ಕಚ್ಚಿ ಹಿಡಿಯುವ ವೈಸನ್ನು ಬೆರಳಲ್ಲಿ ಮುಟ್ಟಿ, "ಇದು ಪುಸ್ತಕ ಬೈಂಡು ಮಾಡೋದಲ್ವಾ?" ಎಂದು ಕೇಳಿದ್ದ. ಆ ದಿನ ಮೇಷ್ಟ್ರು ಮನೆಗೆ ಬಂದು ಊಟಕ್ಕೆ ಕೂರಲಿಲ್ಲ.

ಮನೆಯಲ್ಲಿ ಓದಿದವಳು ಮಗಳು. ಹೈಸ್ಕೂಲಿನಲ್ಲಿ ಪಾಠ ಹೇಳುವವಳು, ಎರಡು ಎಂ.ಎ. ಮಾಡಿದವಳು. ಅಡುಗೆಮನೆಯ ಮೇಜಿಗೆ ಅಪ್ಪನನ್ನು ಕೂರಿಸಿ ಪುಸ್ತಕ ತೆರೆದಳು.

"ಪುಟ ನಲವತ್ತೊಂದು. ಒಂದು ಚಪ್ಪಟೆ ಮೇಲ್ಮೈಯನ್ನು ಅರದಿಂದ ಸಾಧಿಸಲು ಎಷ್ಟು ಕಾಲ ಬೇಕು? ಹೇಳಪ್ಪ."

"ಯಾರು ಉಜ್ಜೋದು ಅನ್ನೋದರ ಮೇಲೆ ಇದೆ."

"ಅಲ್ಲ. ನಲವತ್ತೈದು ನಿಮಿಷ."

"ಯಾರು ಹೇಳಿದ್ದು?"

"ಪುಸ್ತಕ."

"ಪುಸ್ತಕ ಯಾವತ್ತಾದ್ರೂ ಉಜ್ಜಿದೆಯಾ?"

"ಅಪ್ಪ, ಇದು ಹತ್ತು ಅಂಕದ ಪ್ರಶ್ನೆ. ಖಂಡಿತ ಬರುತ್ತೆ. ಕಣ್ಮುಚ್ಕೊಂಡು ನಲವತ್ತೈದು ನಿಮಿಷ ಅಂತ ಬರೆದುಬಿಡು."

"ನನ್ನ ಗುರು ಏಳು ತಿಂಗಳು ಮಾತು ಬಿಟ್ಟಿದ್ದನಲ್ಲ, ಅವನ ಮುಖ ಹೇಗೆ ನೋಡಲಿ?"

"ಅವರು ತೀರಿಕೊಂಡು ಇಪ್ಪತ್ತು ವರ್ಷ ಆಯ್ತಲ್ಲಪ್ಪ!"

"ಅದಕ್ಕೇ ಹೇಳ್ತಿರೋದು. ಮೇಲಿಂದ ಎಲ್ಲಾ ಕಾಣುತ್ತೆ."

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ಅಪ್ಪನ ಬಳಿ ಮುಕ್ಕಾಲು ಇದೆ, ಒಕ್ಕಾಲಿಗೇ ಕುತ್ತು ಎಂದು ಮಗಳು ತಲೆ ಚಚ್ಚಿಕೊಂಡಳು. ಹದಿನೈದು ದಿನ ರುಬ್ಬಿದ ಮೇಲೆ ಲೆಕ್ಕ ಹಾಕಿ ನೋಡಿದರೆ, ಅಪ್ಪನಿಗೆ ಬಾಯಿಪಾಠ ಬಂದದ್ದು ಇಪ್ಪತ್ತೈದು, ಇಪ್ಪತ್ತೇಳು ಅಂಕಕ್ಕಾಗುವಷ್ಟು. ಆ ಹತ್ತು ಅಂಕ ಬಿಟ್ಟರೆ ಕೆಲಸ ಹೋದಂತೆಯೇ. "ಬರೀತೀಯಲ್ವಾ?" ಎಂದಳು. ಮೇಷ್ಟ್ರು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು.

ಪರೀಕ್ಷೆಯ ದಿನ ಕಾಲೇಜಿನ ದೊಡ್ಡ ಕೊಠಡಿಯಲ್ಲಿ ನಲವತ್ತು ಬೆಂಚು ಹಾಕಿದ್ದರು. ಅಭ್ಯರ್ಥಿ ಒಬ್ಬರೇ. ಅವರ ಸಂಖ್ಯೆ ಮೂವತ್ತೇಳು. "ಮುಂದೆ ಕೂರ್ಲಾ?" ಎಂದು ಕೇಳಿದ್ದಕ್ಕೆ ಜವಾನ, "ನಕಲು ಹೊಡೀಬಾರದು ಅಂತ ದೂರ ದೂರ ಕೂರಿಸಿದೀವಿ ಮೇಷ್ಟ್ರೇ" ಎಂದ. ಪರೀಕ್ಷೆ ನಡೆಸುವವರು ಪ್ರಾಂಶುಪಾಲರು. ಅವರನ್ನು ನೋಡಿಕೊಳ್ಳಲು ಪರೀಕ್ಷಾ ಮಂಡಳಿಯಿಂದ ಒಬ್ಬ ವೀಕ್ಷಕರು ಬಂದಿದ್ದರು. ಸಣಕಲು ಮೈ, ಕಂಕುಳಲ್ಲಿ ದಪ್ಪ ನಿಯಮಾವಳಿ; ಆ ಪುಸ್ತಕವೇ ಅವರನ್ನು ಎತ್ತಿಕೊಂಡು ಬಂದ ಹಾಗೆ ಕಾಣುತ್ತಿತ್ತು.

ಪ್ರಶ್ನೆಪತ್ರಿಕೆ ಇದ್ದದ್ದು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ. ಅದರ ಬೀಗವನ್ನು ಮೇಷ್ಟ್ರೇ ಹದಿನೆಂಟು ವರ್ಷದ ಹಿಂದೆ ಕಾಲೇಜಿಗೆ ಮಾಡಿಕೊಟ್ಟಿದ್ದರು. ಒಂದೇ ಕೀ. ನಿಯಮದಂತೆ ಆ ಕೀಯನ್ನು ಅರಗಿನ ಮುದ್ರೆ ಹಾಕಿ ಮಂಡಳಿಗೆ ಕಳಿಸಬೇಕಿತ್ತು. ಕಳಿಸುವ ಮೊದಲು ಪ್ರಾಂಶುಪಾಲರು 'ಎರಡು ನಿಮಿಷದಲ್ಲಿ ಕೀ' ಎಂದು ಬೋರ್ಡು ಹಾಕಿದ ಅಂಗಡಿಯಲ್ಲಿ ಒಂದು ನಕಲು ಮಾಡಿಸಿಟ್ಟುಕೊಂಡಿದ್ದರು.

ಹತ್ತು ಗಂಟೆಗೆ ಸರಿಯಾಗಿ ನಕಲು ಕೀ ಹಾಕಿ ತಿರುಗಿಸಿದರು. 'ಟಕ್' ಅಂತು. ಕೀಯ ತಲೆ ಕೈಗೆ ಬಂತು, ದೇಹ ಬೀಗದೊಳಗೇ ಉಳಿಯಿತು.

"ಎರಡು ನಿಮಿಷದ ಕೀ," ಅಂದರು ಮೂವತ್ತೇಳನೇ ಬೆಂಚಿನಿಂದ ಮೇಷ್ಟ್ರು, ಯಾರಿಗೂ ಅಲ್ಲದ ಹಾಗೆ.

ಪ್ರಾಂಶುಪಾಲರು ಬೆವರು ಒರೆಸಿಕೊಂಡು, "ಮೇಷ್ಟ್ರೇ, ಸ್ವಲ್ಪ ಬಂದು ತೆಗೆದುಕೊಡಿ" ಎಂದರು. ಮೇಷ್ಟ್ರು ಏಳುವಷ್ಟರಲ್ಲಿ ವೀಕ್ಷಕರು ನಿಯಮಾವಳಿ ತೆರೆದಾಗಿತ್ತು.

"ಕೂತ್ಕೊಳ್ಳಿ! ಅಭ್ಯರ್ಥಿ ಪ್ರಶ್ನೆಪೆಟ್ಟಿಗೆ ಮುಟ್ಟಿದರೆ ಮೂರು ವರ್ಷ ಬಹಿಷ್ಕಾರ."

"ಹಾಗಾದ್ರೆ ಹೊರಗಿಂದ ಯಾರನ್ನಾದ್ರೂ ಕರೆಸೋಣ."

"ಅಭ್ಯರ್ಥಿ ಕೂತ ಮೇಲೆ ಹೊರಗಿನವರಿಗೆ ಪ್ರವೇಶ ಇಲ್ಲ."

"ಒಡೆದುಬಿಡೋಣ?"

"ಒಡೆದ ಪೆಟ್ಟಿಗೆಯ ಪರೀಕ್ಷೆ ರದ್ದು. ಮುಂದಿನದು ಮೂರು ವರ್ಷಕ್ಕೆ."

"ಮಂಡಳಿಯಿಂದ ಅಸಲಿ ಕೀ ತರಿಸೋಣ?"

"ಅರ್ಜಿ ಹಾಕಿ. ತೊಂಬತ್ತು ದಿನ."

"ಮೇಷ್ಟ್ರು ಮನೇಲೇ ಒಂದು ಕೀ ಮಾಡ್ಕೊಂಡು ಬರಲಿ!"

"ಅಭ್ಯರ್ಥಿ ಮಾಡಿದ ಕೀಯಿಂದ ತೆಗೆದರೆ ಅಭ್ಯರ್ಥಿಯೇ ತೆಗೆದ ಹಾಗೆ."

"ಅಲ್ಲ ಸ್ವಾಮಿ, ಬೀಗವನ್ನೂ ಅಭ್ಯರ್ಥಿಯೇ ಮಾಡಿರೋದು!"

ವೀಕ್ಷಕರು ಎರಡು ಪುಟ ಮಗುಚಿದರು. "ಮುಚ್ಚೋದಕ್ಕೆ ಅಡ್ಡಿ ಇಲ್ಲ."

ಮೇಷ್ಟ್ರಿಗೆ ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಹಾಗಾಯಿತು. ಅದೂ ಎಷ್ಟು ಚೆನ್ನಾಗಿ ತೋಡಿದ ಗುಂಡಿ! ತಿಂಗಳು ಮುಗಿಯಲು ಹತ್ತೊಂಬತ್ತು ದಿನ. ಪೆಟ್ಟಿಗೆ ತೆರೆಯದಿದ್ದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ತಗಡಿನ ಮಾಡಿನ ಕೆಳಗೆ ಪುಸ್ತಕ ಬೈಂಡು ಮಾಡುವವನು.

"ಪೆಟ್ಟಿಗೆಯನ್ನ ಯಾರು ತೆಗೀಬಹುದು ಸಾರ್?" ಎಂದು ಕೇಳಿದರು.

"ಪ್ರಾಂಶುಪಾಲರು. ಅವರೊಬ್ಬರೇ."

"ನಾನು ಅವರ ಹತ್ರ ಮಾತಾಡಬಹುದಾ?"

ವೀಕ್ಷಕರು ಬಹಳ ಹೊತ್ತು ಹುಡುಕಿದರು. "ಪ್ರಶ್ನೆಪತ್ರಿಕೆ ಕೈಗೆ ಬರೋವರೆಗೆ ಮಾತಾಡಬಾರದು ಅಂತ ಎಲ್ಲೂ ಬರೆದಿಲ್ಲ."

"ಹಾಗಾದ್ರೆ ಸಾರ್," ಎಂದರು ಮೇಷ್ಟ್ರು ಪ್ರಾಂಶುಪಾಲರಿಗೆ, "ಕೀ ನೀವೇ ಮಾಡಬೇಕು. ನಾನು ಹೇಳಿಕೊಡ್ತೀನಿ."

ಪ್ರಾಂಶುಪಾಲರಿಗೆ ಜೀವ ಬಂತು. ಕೋಟು ಬಿಚ್ಚಿ ಬೆಂಚಿನ ಮೇಲಿಟ್ಟರು. "ಅದಕ್ಕೇನಂತೆ! ನಾನು ಬರೆದ ಪುಸ್ತಕದಲ್ಲೇ ಇದೆ. ಕೊಡಿ ಆ ಅರ."

ಜವಾನ ಹಿತ್ತಿಲಿನಿಂದ ವೈಸು ಹೊತ್ತು ತಂದು ಮುಂದಿನ ಬೆಂಚಿಗೆ ಬಿಗಿದ. ಅರ ತಂದ, ಕೀ ಮಾಡುವ ಉಕ್ಕಿನ ಪಟ್ಟಿ ತಂದ. ಮೇಷ್ಟ್ರು ಕೂತಲ್ಲಿಂದಲೇ ತಲೆಯಾಡಿಸಿದರು.

"ಆ ಪಟ್ಟಿ ಈಗ ಬೇಡಪ್ಪ. ಒಂದು ಗಟ್ಟಿ ತಾ."

"ಗಟ್ಟಿ ಯಾಕೆ? ಮಾಡಬೇಕಾಗಿರೋದು ಕೀ ಅಲ್ವಾ?" ಎಂದರು ಪ್ರಾಂಶುಪಾಲರು.

"ಮೊದಲು ಚಪ್ಪಟೆ ಸಾರ್. ಚಪ್ಪಟೆ ಬರದ ಕೈಯಲ್ಲಿ ಕೀ ಮಾಡಿಸಿದರೆ ಅದೂ ಒಳಗೆ ಮುರಿಯುತ್ತೆ. ಆಮೇಲೆ ಬೀಗದೊಳಗೆ ಎರಡು ಹೆಣ."

"ನಿಮ್ಮ ಕೆಲಸವೇ ಹೋಗೋ ಹೊತ್ತಲ್ಲಿ ಇದೆಲ್ಲ ಬೇಕಾ ಮೇಷ್ಟ್ರೇ? ಒಂದು ಸಲ ಸಡಿಲ ಬಿಡಿ."

ಮೇಷ್ಟ್ರಿಗೂ ಹಾಗೇ ಅನಿಸಿತ್ತು. ಒಂದು ಗಳಿಗೆ ಬಾಯಿ ಬಿಟ್ಟರು ಕೂಡ. ಆದರೆ ಬಾಯಿಂದ ಬಂದದ್ದು ಮೂವತ್ತೊಂದು ವರ್ಷದ ರೂಢಿ: "ಗಟ್ಟಿ ತಾರಪ್ಪ."

ಹೀಗೆ ಶುರುವಾಯಿತು. ಮುಂದೆ ಪ್ರಾಂಶುಪಾಲರು ಉಜ್ಜುವುದು, ಹಿಂದೆ ಮೂವತ್ತೇಳನೇ ಬೆಂಚಿನಿಂದ ಅಭ್ಯರ್ಥಿ ಕೂಗುವುದು, ನಡುವೆ ವೀಕ್ಷಕರು ಗಡಿಯಾರ ನೋಡುವುದು. ನಲವತ್ತೈದನೇ ನಿಮಿಷಕ್ಕೆ ಪ್ರಾಂಶುಪಾಲರು ಗಟ್ಟಿಯನ್ನು ಎತ್ತಿ ಹಿಡಿದು, "ಆಯ್ತು!" ಎಂದರು. ಜವಾನ ಅದರ ಮೇಲೆ ಮೇಷ್ಟ್ರ ಅಳತೆಯ ಪಟ್ಟಿ ನಿಲ್ಲಿಸಿ ಕಿಟಕಿಗೆ ಹಿಡಿದ. ಪಟ್ಟಿಯ ಎರಡೂ ಕಡೆ ಹಗಲೇ ಹರಿದು ಬಂತು.

"ಹೊಟ್ಟೆ," ಎಂದ ಜವಾನ. ಇಷ್ಟು ವರ್ಷ ಕೇಳಿದವನಿಗೆ ಅಷ್ಟೂ ಬರಬೇಡವೆ?

ಸಂಜೆ ಐದಕ್ಕೆ ವೀಕ್ಷಕರು ವರದಿ ಪುಸ್ತಕದಲ್ಲಿ 'ಪರೀಕ್ಷೆ ಆರಂಭವಾಗುವುದರಲ್ಲಿದೆ' ಎಂದು ಬರೆದು ಎಲ್ಲರ ಸಹಿ ಹಾಕಿಸಿಕೊಂಡು ಕೊಠಡಿಗೆ ಅಂಗಡಿಯಿಂದ ತಂದ ಬೀಗ ಜಡಿದರು. ಮರುದಿನ ಹತ್ತಕ್ಕೆ ಮತ್ತೆ ಹಾಜರು. ಮೂರನೇ ದಿನ ಪ್ರಾಂಶುಪಾಲರ ಅಂಗೈಯಲ್ಲಿ ಗುಳ್ಳೆ ಎದ್ದಿತು. ನಾಲ್ಕನೇ ದಿನ ಗುಳ್ಳೆ ಒಡೆಯಿತು. ಅವರ ತರಗತಿಗಳು ನಿಂತವು. ವಿದ್ಯಾರ್ಥಿಗಳು ಕಿಟಕಿಯಲ್ಲಿ ತಲೆ ತೂರಿಸಿ ನೋಡತೊಡಗಿದರು.

"ಏಯ್, ಮೊಣಕೈ! ಮೊಣಕೈ ಎತ್ತಬೇಡವೋ!" ಎಂದು ಕೂಗಿಬಿಟ್ಟರು ಮೇಷ್ಟ್ರು. ಕಿಟಕಿಯಲ್ಲಿದ್ದ ತಲೆಗಳೆಲ್ಲ ಅವರ ಕಡೆ ತಿರುಗಿದವು. "ಅಂದ್ರೆ, ಮೊಣಕೈ, ಸಾರ್."

"ಇರಲಿ ಬಿಡಿ," ಎಂದರು ಪ್ರಾಂಶುಪಾಲರು ಏದುಸಿರಿನಲ್ಲಿ. "ಸರಿಯಾಗೇ ಇದೆ. ಎತ್ತಿಬಿಟ್ಟಿದ್ದೆ."

ಐದನೇ ದಿನದಿಂದ ಅವರು ಕೋಟು ತರುವುದನ್ನೇ ಬಿಟ್ಟರು. ಅರದ ಹಲ್ಲಿಗೆ ಕಬ್ಬಿಣದ ಪುಡಿ ಕಚ್ಚದ ಹಾಗೆ ಸೀಮೆಸುಣ್ಣ ಸವರುವುದು ಕಲಿತರು. ಹಿಂದಕ್ಕೆ ಎಳೆಯುವಾಗ ಕೈ ಹಗುರ ಬಿಡುವುದು ಬಂತು. ಆರನೇ ದಿನ ಒಂದು ವಿಚಿತ್ರ ಆಯಿತು: ಊಟಕ್ಕೆ ಹೋದ ಪ್ರಾಂಶುಪಾಲರು ಬೇಗ ವಾಪಸು ಬಂದು, "ನಮ್ಮ ಮನೆ ಊಟದ ಮೇಜು ಅಲುಗಾಡುತ್ತೆ ಮೇಷ್ಟ್ರೇ. ಇಪ್ಪತ್ತು ವರ್ಷದಿಂದ ಅದರ ಮೇಲೆ ಉಣ್ತಿದೀನಿ, ಇವತ್ತು ಗೊತ್ತಾಯ್ತು" ಎಂದು ದಿಗ್ಭ್ರಮೆಯಿಂದ ಹೇಳಿದರು. ಮೇಷ್ಟ್ರು ಅವತ್ತು ಮನೆಗೆ ಹೋಗಿ ಮಗಳಿಗೆ, "ಹುಡುಗ ಪರವಾಗಿಲ್ಲ" ಎಂದರಂತೆ.

ಒಂಬತ್ತನೇ ದಿನ ಮಧ್ಯಾಹ್ನ ಜವಾನ ಪಟ್ಟಿ ನಿಲ್ಲಿಸಿ ಕಿಟಕಿಗೆ ಹಿಡಿದವನು ಹಾಗೇ ನಿಂತ. ವೀಕ್ಷಕರು ಕುರ್ಚಿ ಬಿಟ್ಟು ಬಂದು ಇಣುಕಿದರು. ಬೆಳಕು ಇಲ್ಲ.

"ಒಂದು ಮುಖ ಆಯ್ತು," ಎಂದರು ಮೇಷ್ಟ್ರು. "ಐದು ಬಾಕಿ ಇದೆ. ಕೀಗೆ ಸದ್ಯ ಇಷ್ಟು ಸಾಕು."

ಪ್ರಾಂಶುಪಾಲರು ಗಟ್ಟಿಯನ್ನು ಎದೆಗವುಚಿಕೊಂಡು ಮೂಗು ಒರೆಸಿಕೊಂಡರು. ಡಾಕ್ಟರೇಟು ಕೊಟ್ಟ ದಿನ ಅವರ ಕಣ್ಣು ಒದ್ದೆಯಾಗಿರಲಿಲ್ಲ.

ಉಳಿದದ್ದು ಒಂದು ದಿನದ ಕೆಲಸ. ಎರಡು ತೆಳು ಗರಗಸದ ಅಲಗು ತೂರಿಸಿ ಮುರಿದ ಚೂರನ್ನು ಹೊರಗೆಳೆದದ್ದು ಅವರೇ. ಹೊಸ ಉಕ್ಕಿನ ಪಟ್ಟಿಗೆ ಮೇಣದ ಬತ್ತಿಯ ಮಸಿ ಹಿಡಿಸಿ, ಬೀಗಕ್ಕೆ ತೂರಿಸಿ, ಮೆಲ್ಲಗೆ ತಿರುಗಿಸಿ ತೆಗೆದರೆ, ಒಳಗೆ ತಾಗಿದ ಕಡೆ ಮಸಿ ಉಜ್ಜಿ ಹೊಳೆಯುತ್ತಿತ್ತು. ಹೊಳೆದ ಕಡೆ ಎರಡು ಸಲ ಅರ. ಮತ್ತೆ ಮಸಿ, ಮತ್ತೆ ತೂರಿಸು.

"ಬೀಗವೇ ಹೇಳ್ಕೊಡುತ್ತೆ ಸಾರ್," ಎಂದರು ಮೇಷ್ಟ್ರು. "ಅವಸರ ಮಾಡದೆ ಕೇಳಿಸ್ಕೊಳ್ಳಿ."

ಸಂಜೆ ನಾಲ್ಕಕ್ಕೆ ಬೀಗ, ಹಸು ಬಾಯಿ ತೆರೆದಷ್ಟು ಸುಮ್ಮನೆ, ತೆರೆದುಕೊಂಡಿತು. ಕಿಟಕಿಯಲ್ಲಿ ಚಪ್ಪಾಳೆ ಬಿತ್ತು.

"ಇನ್ನು ಮಾತಾಡಬಾರದು," ಎಂದು ವೀಕ್ಷಕರು ಪ್ರಶ್ನೆಪತ್ರಿಕೆಯನ್ನು ಮೂವತ್ತೇಳನೇ ಬೆಂಚಿಗೆ ಒಯ್ದು ಇಟ್ಟರು.

ಬಾಯಿಪಾಠ ಬಂದದ್ದನ್ನೆಲ್ಲ ಮೇಷ್ಟ್ರು ಬರೆದರು. ಕೊನೆಗೆ ಆ ಪ್ರಶ್ನೆ ಎದುರು ಬಂತು. 'ಒಂದು ಚಪ್ಪಟೆ ಮೇಲ್ಮೈಯನ್ನು ಅರದಿಂದ ಸಾಧಿಸಲು ಎಷ್ಟು ಕಾಲ ಬೇಕು? ಕಾರಣ ಸಹಿತ ಬರೆಯಿರಿ. ಹತ್ತು ಅಂಕ.' ಅತ್ತ ಮಗಳ ಮುಖ ಕಣ್ಣ ಮುಂದೆ ಬಂತು, ಇತ್ತ ಸತ್ತ ಗುರುವಿನ ಮುಖ. ಪೆನ್ನು 'ನ' ಎಂದು ಬರೆಯಿತು, ನಿಂತಿತು. ಮೇಷ್ಟ್ರು ತಲೆ ಎತ್ತಿ ನೋಡಿದರು. ಮುಂದಿನ ಬೆಂಚಿನ ಬಳಿ ಪ್ರಾಂಶುಪಾಲರು ತಮ್ಮ ಬಲ ಅಂಗೈಯನ್ನು ತಾವೇ ನೋಡಿಕೊಳ್ಳುತ್ತ ನಿಂತಿದ್ದರು.

'ನ' ಹೊಡೆದುಹಾಕಿ ಮೇಷ್ಟ್ರು ಬರೆದರು: 'ಪ್ರಾಂಶುಪಾಲರಿಗೆ ಒಂಬತ್ತು ದಿನ. ನನಗೆ ಏಳು ತಿಂಗಳು. ಅವರು ಜಾಣರು. ಕಾರಣ: ಅವರ ಅಂಗೈ ನೋಡಿ.'

ಉತ್ತರಪತ್ರಿಕೆಯನ್ನು ಲಕೋಟೆಗೆ ಹಾಕುವ ಮುನ್ನ ಮೇಲಿಂದ ಕೆಳಗೆ ಕಣ್ಣಾಡಿಸಿದ ವೀಕ್ಷಕರು ಅಲ್ಲೇ ತಡೆದರು. ನಿಯಮಾವಳಿ ತೆರೆದರು.

"ಉತ್ತರದಲ್ಲಿ 'ನೋಡಿ' ಅಂತ ಸೂಚಿಸಿದ ನಕ್ಷೆ, ಚಿತ್ರ ಅಥವಾ ಯಾವುದೇ ವಸ್ತುವನ್ನು ಉತ್ತರಪತ್ರಿಕೆಯ ಜೊತೆ ಲಗತ್ತಿಸತಕ್ಕದ್ದು."

"ಅಂದ್ರೆ?" ಎಂದರು ಪ್ರಾಂಶುಪಾಲರು.

"ಅಂದ್ರೆ ತಾವು ಹೊರಡಬೇಕು."

"ಎಲ್ಲಿಗೆ?"

"ಮೌಲ್ಯಮಾಪನಕ್ಕೆ."

ಲಕೋಟೆಯ ಮೇಲೆ 'ಲಗತ್ತು: ಒಂದು ಅಂಗೈ, ಬಲ' ಎಂದು ಬರೆದರು. ಪ್ರಾಂಶುಪಾಲರ ಮಣಿಕಟ್ಟಿಗೆ ದಾರ ಸುತ್ತಿ ಅರಗಿನ ಮುದ್ರೆ ಒತ್ತಿದರು. ಅಂಗೈಗೆ ಧೂಳು ತಾಗಬಾರದೆಂದು ಬಟ್ಟೆ ಚೀಲ ತೊಡಿಸಿದರು. ಬಸ್ಸಿನಲ್ಲಿ ಜವಾನ ಜೊತೆಗೆ ಕೂತ. ಕಂಡಕ್ಟರು, "ಎಷ್ಟು ಟಿಕೆಟ್?" ಎಂದದ್ದಕ್ಕೆ ಜವಾನ, "ನನಗೊಂದು. ಇವರು ಕಾಗದಪತ್ರ" ಎಂದನಂತೆ. ಮಂಡಳಿಯ ಕಚೇರಿಯಲ್ಲಿ ಅವರನ್ನು ಪಡೆದುಕೊಂಡದ್ದಕ್ಕೆ ರಸೀತಿ ಕೊಟ್ಟು, ಲಗತ್ತುಗಳ ಕೋಣೆಯಲ್ಲಿ ಎರಡು ದಿನ ಕೂರಿಸಿದರು. ಪಕ್ಕದಲ್ಲಿ ಯಾವುದೋ ಪರೀಕ್ಷೆಯ ಒಂದು ಒಣಗಿದ ಕಪ್ಪೆ ಇತ್ತು.

ಮೌಲ್ಯಮಾಪನಕ್ಕೆ ಸಿಕ್ಕವರು ವಯಸ್ಸಾದ ಒಬ್ಬ ಹೆಂಗಸು, ಮೂಗಿನ ತುದಿಗೆ ಕನ್ನಡಕ ಇಟ್ಟವರು. ಮಾದರಿ ಉತ್ತರದಲ್ಲಿ 'ನಲವತ್ತೈದು ನಿಮಿಷ' ಎಂದಿತ್ತು. ಮುದ್ರೆ ಒಡೆದು, ಚೀಲ ತೆಗೆದು, ಅಂಗೈಯನ್ನು ಬೆಳಕಿಗೆ ಹಿಡಿದು, ಒಡೆದ ಗುಳ್ಳೆ, ಕಟ್ಟುತ್ತಿರುವ ಜಡ್ಡು, ಉಗುರಿನ ಬುಡದ ಕಬ್ಬಿಣದ ಪುಡಿ ಎಲ್ಲವನ್ನೂ ಓದಿದರು.

"ಈ ಮಾದರಿ ಉತ್ತರ ಯಾರು ಬರೆದದ್ದು?" ಎಂದು ಕೇಳಿದರು.

"ನಾನೇ," ಎಂದಿತು ಲಗತ್ತು.

"ಸರೀನಾ?"

ಪ್ರಾಂಶುಪಾಲರು ತಮ್ಮ ಕೈ ನೋಡಿಕೊಂಡರು. "ತಪ್ಪು ಅಮ್ಮ."

ಆಕೆ ಕೆಂಪು ಪೆನ್ನು ತೆಗೆದು, ಉತ್ತರ ಇದ್ದಲ್ಲೇ ಅಂಕ ಹಾಕಬೇಕೆಂಬ ನಿಯಮದಂತೆ, ಅಂಗೈಯ ನಡುವೆ 'ಹತ್ತಕ್ಕೆ ಹತ್ತು' ಎಂದು ಬರೆದು ಸಹಿ ಹಾಕಿದರು. ಇಪ್ಪತ್ತೇಳಕ್ಕೆ ಹತ್ತು ಸೇರಿ ಮೂವತ್ತೇಳು.

ಫಲಿತಾಂಶದ ಪಟ್ಟಿ ನೋಡಿದ ಮಗಳು, "ನಲವತ್ತೈದು ನಿಮಿಷ ಅಂತ ಬರೆದೆ ತಾನೇ? ನಾನು ಹೇಳಿರಲಿಲ್ವಾ?" ಎಂದು ಕುಣಿದಳು. ಮೇಷ್ಟ್ರು ನಡೆದದ್ದನ್ನು ಹೇಳಿದರು. ಅವಳು ಅಡುಗೆಮನೆಯ ಮೇಜಿನ ಮೇಲಿದ್ದ ಪುಸ್ತಕವನ್ನು ಮುಚ್ಚಿ ಎತ್ತಿಟ್ಟಳು.

ತಿಂಗಳ ಕೊನೆಯ ದಿನ ಮೇಷ್ಟ್ರು ತಗಡಿನ ಮಾಡಿನ ಬೀಗ ತೆಗೆಯುತ್ತಿದ್ದಾಗ ಪ್ರಾಂಶುಪಾಲರು ಸೈಕಲ್‌ಗಳ ನಡುವೆ ನುಸುಳಿಕೊಂಡು ಬಂದರು. ಕೋಟಿಲ್ಲ. ಒಂದು ಕೈಯಲ್ಲಿ ಗಟ್ಟಿ. ಇನ್ನೊಂದು ಅಂಗೈ ಎತ್ತಿ ತೋರಿಸಿದರು. ನೀರು ಮುಟ್ಟಿಸಿರಲಿಲ್ಲವೇನೋ, ಕೆಂಪು ಅಕ್ಷರ ಇನ್ನೂ ಇತ್ತು.

"ಹತ್ತಕ್ಕೆ ಹತ್ತು ಬಂತು ಮೇಷ್ಟ್ರೇ, ನಮಗೆ!"

ಮೇಷ್ಟ್ರು ಅಂಗೈ ನೋಡಲಿಲ್ಲ. ಗಟ್ಟಿ ಈಸಿಕೊಂಡು ಒಳಗೆ ಹೋಗಿ, ಮಗುಚಿ, ಎರಡನೇ ಮುಖದ ಮೇಲೆ ಪಟ್ಟಿ ನಿಲ್ಲಿಸಿ ಕಿಟಕಿಗೆ ಹಿಡಿದರು. ಬೆಳಗಿನ ಬಿಸಿಲು ಎರಡೂ ಕಡೆಯಿಂದ ಧಾರಾಳವಾಗಿ ಬಂತು.

"ಹೊಟ್ಟೆ," ಎಂದು ಗಟ್ಟಿಯನ್ನು ಕೊನೆಯ ವೈಸಿಗೆ ಬಿಗಿದು ಅರ ಕೈಗಿಟ್ಟರು.

ಪ್ರಾಂಶುಪಾಲರು ಕಾಲು ಅಗಲಿಸಿ, ಮೊಣಕೈ ಇಳಿಸಿ, ಉಜ್ಜಲು ನಿಂತರು. ಎರಡು ಸಲ ಉಜ್ಜಿ, ತಡೆದು ಕೇಳಿದರು: "ಉಳಿದ ಐದು ಮುಖಕ್ಕೆ ಎಷ್ಟು ದಿನ ಆಗಬಹುದು ಮೇಷ್ಟ್ರೇ?"

"ಪುಸ್ತಕದಲ್ಲಿ," ಎಂದರು ಮೇಷ್ಟ್ರು ಸೀಮೆಸುಣ್ಣ ಹುಡುಕುತ್ತ, "ಮುಖಕ್ಕೆ ನಲವತ್ತೈದು ನಿಮಿಷ ಅಂತ ಇದೆಯಲ್ಲ ಸಾರ್."